ಎದುರು ಹೋಗಿ

ವಾಮಂಜೂರು ದಾಟಿ, ಡಾಮರು ಮುಗಿದಲ್ಲಿ
ನಮ್ಮನ್ನು ಇಳಿಸಿ ಬಸ್ಸು ತಿರುಗಿ ಹೋಯಿತು.
ಏಪ್ರಿಲ್ ಕೊನೆಯ ಭಾನುವಾರ, ಬೆಳಿಗ್ಗೆ ಆರೂವರೆ.
ಏಳು ಜನ, ಐದು ಬಾಟಲಿ ನೀರು,
ಸೆವ್ರಿನ್ ಬಾಯಿಯ ಚೀಲದಲ್ಲಿ ಹದಿನಾಲ್ಕು ಬನ್ಸು.
ಎಲ್ಲರ ಹಿಂದೆ ದೂಮಣ್ಣ.
ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು;
ಚರ್ಮದ ಚೀಲ ಕಳಚಿಟ್ಟ ಮೇಲೂ
ಬಲ ಹೆಗಲು ಒಂದಿಷ್ಟು ಕೆಳಗೆ.

ಕಾಡು ಅಂದರೆ ದೊಡ್ಡದೇನಲ್ಲ.
ಮುರಕಲ್ಲಿನ ಬೆನ್ನಿಗೆ ಅಂಟಿಕೊಂಡು
ಅಕೇಶಿಯಾ ನೆಟ್ಟವರ ಕಣ್ಣಿಗೆ ಹೇಗೋ ಬೀಳದೆ ಉಳಿದ
ಬೋಗಿ, ರೆಂಜೆ, ಹೆಬ್ಬಲಸು.
ದಾರಿಯೋ, ಗೋಡೆಗೆ ಒರಗಿಸಿದ ಏಣಿ,
ಮೆಟ್ಟಿಲೆಲ್ಲ ಬೇರು.

ಒಂದು ಸೀಟಿ. ನಿಂತೆವು.
"ಚೇರೆ ಮರ. ಮುಟ್ಟಬೇಡಿ, ಮೈಯೆಲ್ಲ ಬಾತುಕೊಳ್ಳುತ್ತದೆ."
ಮಿಸ್ರಿಯಾ ಆಗಲೇ ಮುಟ್ಟಿ ಆಗಿತ್ತು.
"ಹಾಗಾದರೆ ಮುಂದಿನ ಸ್ಟಾಪು ತಾರೆ ಮರ.
ಮೂರು ಸುತ್ತು ಬಂದರೆ ಚೇರೆಯ ಸಿಟ್ಟು ಇಳಿಯುತ್ತದಂತೆ,
ನನ್ನ ಅಜ್ಜಿ ಹೇಳುತ್ತಿದ್ದದ್ದು. ನನಗೆ ಗೊತ್ತಿಲ್ಲ ಮಾರಾಯ್ತಿ.
ಸುತ್ತು ಬರಲಿಕ್ಕೆ ಟಿಕೇಟಂತೂ ಇಲ್ಲ."
ಫಾರ್ಮಸಿ ಓದುವ ಹುಡುಗಿ
ನಗುತ್ತ ಒಂದು ಸುತ್ತು, ನಗದೆ ಎರಡು ಸುತ್ತು ಬಂದಳು.
ಎರಡು ಸೀಟಿ. ರೈಟ್ ಪೋಯಿ.
"ಎದುರು ಹೋಗಿ, ಎದುರು! ಜಾಗ ಉಂಟು ಎದುರು!"

ಎದುರು ಇದ್ದದ್ದು ಬಂಡೆ.
ಕೈ ಊರಿ, ಮಂಡಿ ಊರಿ,
ಅಡ್ಡ ಬಂದ ಬೇರೊಂದನ್ನು ಹಿಡಿದರೆ
ಬಸ್ಸಿನ ಕಂಬಿಯಷ್ಟೇ ನುಣುಪು.
ಎಷ್ಟು ಜನ ಹಿಡಿದದ್ದೋ.
ಏದುಸಿರಿಗೆ ಮಾತು ನಿಂತಾಗ ಕೇಳಿಸಿದ್ದು
ಮೇಲೆ ಮಂಗಟ್ಟೆ ಹಕ್ಕಿಯ ಕೊಕ್ಕೆ ನಗು,
ಕೆಳಗೆ ಹೆದ್ದಾರಿಯಲ್ಲಿ ಲಾರಿ ಗೇರು ಇಳಿಸಿದ್ದು.

ಆರನೇ ಕ್ಲಾಸಿನಲ್ಲಿ, ಚಿಲ್ಲರೆ ಇಲ್ಲವೆಂದು
ಕುಲಶೇಖರದ ಏರಿನಲ್ಲಿ ನನ್ನನ್ನು ಇಳಿಸಿ ಹೋದದ್ದು ಇವರೇ.
ಅವರಿಗೆ ನೆನಪಿಲ್ಲ.
ನಾನೂ ಹೇಳಲಿಲ್ಲ.

ಕುಂಟಾಲ ಮರದ ಬುಡದಲ್ಲಿ ಮತ್ತೆ ಒಂದು ಸೀಟಿ.
ತಿರುಗಿ ನೋಡಿದರೆ ದೂಮಣ್ಣ ಮಂಡಿಯನ್ನು
ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ,
ಅಳುವ ಮಗುವನ್ನು ಹಿಡಿದ ಹಾಗೆ.
"ನನ್ನ ಸ್ಟಾಪು ಇದು. ನೀವು ಹೋಗಿ.
ಮೇಲಿಂದ ಏನು ಕಾಣುತ್ತದೆ, ಕೂಗಿ ಹೇಳಿ."

ಕಂಡದ್ದು ಮೊದಲು ಸೆಕೆ.
ಆಮೇಲೆ ರಿಫೈನರಿಯ ತುದಿಯ ಬೆಂಕಿ,
ಪಣಂಬೂರಿನಾಚೆ ಸರದಿಗೆ ಕಾದ ಒಂದು ಹಡಗು,
ತೆಂಗಿನ ತಲೆಗಳ ನಡುನಡುವೆ ಎದ್ದ ಕಟ್ಟಡ.
ಯಾವುದು ಎಲ್ಲಿ ಎಂದು ನಿಜಕ್ಕೂ ಗೊತ್ತಾಗಲಿಲ್ಲ.
ಆದರೂ ಕೈ ಬಾಯಿಗಿಟ್ಟು ಕೂಗಿದೆ:
"ಸ್ಟೇಟ್ ಬ್ಯಾಂಕ್! ಹಂಪನಕಟ್ಟೆ! ಜ್ಯೋತಿ!
ಬಂಟ್ಸ್ ಹಾಸ್ಟೆಲ್! ಮಲ್ಲಿಕಟ್ಟೆ!
ಬಿಕರ್ನಕಟ್ಟೆ! ಕುಲಶೇಖರ!"

ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಎಲೆಗಳ ಕೆಳಗಿನಿಂದ ಬೈಗುಳದಂತೆ ಬಂತು:
"ನಂತೂರು ಬಿಟ್ಟಿರಲ್ಲ!
ಅಲ್ಲಿ ಇಳಿಯುವವರು ಏನು ಮಾಡಬೇಕು?"

ಇಳಿದು ಬಂದಾಗ ಅವರ ನಾಲಗೆ ನೇರಳೆ,
ಮಡಚಿದ ಟವೆಲಿನಲ್ಲಿ ನಮ್ಮ ಪಾಲಿನ ಕುಂಟಾಲ ಹಣ್ಣು,
ತಲೆಗೆ ಎಂಟೋ ಒಂಬತ್ತೋ, ಎಣಿಸಿ ಇಟ್ಟದ್ದು.
ನನ್ನ ಕೈಗೆ ಹಾಕುವಾಗ ಒಂದು ಹೆಚ್ಚು ಬಿತ್ತು.
"ಚಿಲ್ಲರೆ ಇಲ್ಲ," ಅಂದರು, "ಇಟ್ಟುಕೊಳ್ಳಿ."