ಬೆರಳ ಲೆಕ್ಕ

ಶುಕ್ರವಾರ, ನಿಜ್ವಾದ ಮೇಕೆ ಪೇಟೆ.
ಏಳು ಹೊಡೆದಿಲ್ಲ, ಆಗಲೇ ಬಿಸಿಲಿಗೆ ಉಪ್ಪಿನ ರುಚಿ.
ಹಗ್ಗ ಹಿಡಿದವರು ಮೇಕೆ ಎಳೆದುಕೊಂಡು ಸುತ್ತು ಬರುತ್ತಾರೆ,
ಬೆಲೆ ಕೂಗುತ್ತಾರೆ, ಎಲ್ಲರ ಕಿವಿಗೂ ಬೀಳುವಂತೆ.
ನನಗೆ ಮಾತ್ರ ನಾಚಿಕೆ:
ಬೆಲೆಯನ್ನು ಹೀಗೆ ಬಾಯಿಬಿಟ್ಟು ಹೇಳುವುದುಂಟೆ?

ನಮ್ಮಪ್ಪ ಅಮೀನಗಡದ ಕುರಿ ದಲಾಲಿ.
ಬೆಲೆ ಅವನ ಬಾಯಲ್ಲಿರಲಿಲ್ಲ, ಅಂಗೈಯಲ್ಲಿತ್ತು.
ಕೆಂಪು ಟುವಾಲಿನ ಕೆಳಗೆ ಎರಡು ಕೈ,
ಮೇಲೆ ಎರಡು ಮುಖ, ಮಳೆ ಬೆಳೆ ಮಾತಾಡುತ್ತ.
ಒಂದು ಬೆರಳು ಹಿಡಿದರೆ ನೂರು,
ನಾಲ್ಕು ಹಿಡಿದರೆ ನಾನೂರು,
ನಡುಗೆಣ್ಣು ಒತ್ತಿದರೆ ಐವತ್ತು ಕಳೆ,
ಅಂಗೈಗೆ ಉಗುರು ತಾಗಿದರೆ
"ಸುಳ್ಳ ಹೇಳಬ್ಯಾಡಲೇ ತಮ್ಮಾ."
ಕಡೆಗೊಮ್ಮೆ ಟುವಾಲು ಜಾರುತ್ತಿತ್ತು,
ಕೈಗಳು ಹಾಗೇ ಕೂಡಿಕೊಂಡಿರುತ್ತಿದ್ದವು
ಕತ್ತಲಲ್ಲಿ ಅಷ್ಟು ಹೊತ್ತು ಜಗಳವಾಡಿದ್ದು ತಾವಲ್ಲ ಎಂಬಂತೆ.

ರೂಮಿನ ಮೊಫಜ್ಜಲ್, ನೋಆಖಾಲಿಯವನು,
ಫೋನಿನಲ್ಲಿ ಓದಿ ಎಲ್ಲ ಬಲ್ಲವನು, ಹೇಳುತ್ತಾನೆ:
ಕೈಕುಲುಕು ಹುಟ್ಟಿದ್ದು ಭಯಕ್ಕೆ.
ನೋಡು, ನನ್ನ ಬಲಗೈ ಬರಿದು, ನಿನ್ನದನ್ನೂ ತೋರಿಸು;
ಅಲುಗಾಡಿಸಿದ್ದು ತೋಳಿನೊಳಗೆ ಬಚ್ಚಿಟ್ಟ ಚೂರಿ ಉದುರಲೆಂದು.
ಇರಬಹುದು. ಅಷ್ಟು ಹಳೆಯದನ್ನು ಕಂಡವರು ಯಾರು.
ಇಲ್ಲಿಯ ಹಿರಿಯರ ಸೊಂಟದಲ್ಲಿ ಇವತ್ತಿಗೂ ಖಂಜರ್,
ಬೆಳ್ಳಿಯ ಒರೆ, ಹೊಟ್ಟೆಯ ಮೇಲೆ ಬಾಗಿದ ತುದಿ.
ಅವರು ಕೈ ಚಾಚಿದಾಗ ನಾನೂ ಲೆಕ್ಕ ಹಾಕುತ್ತೇನೆ:
ಈ ಬಲಗೈ ನನ್ನಲ್ಲಿರುವಷ್ಟು ಹೊತ್ತು
ಆ ಹಿಡಿಗೆ ಕೆಲಸವಿಲ್ಲ.
ನಮ್ಮ ನಮಸ್ಕಾರಕ್ಕೆ ಈ ಕಷ್ಟವಿಲ್ಲ,
ನಮ್ಮ ಕೈಗಳನ್ನು ನಾವೇ ಕಟ್ಟಿಹಾಕಿಕೊಂಡು ನಿಲ್ಲುತ್ತೇವೆ.
ಎದುರಿನವನ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ
ಗೊತ್ತೇ ಆಗುವುದಿಲ್ಲ.

ನನ್ನ ತೋರುಬೆರಳು ಹೋದದ್ದು ಹೋದ ವರ್ಷ, ರಂಜಾನಿಗೆ ಮೊದಲು,
ಅಲ್ಯೂಮಿನಿಯಂ ಕೊಯ್ಯುವ ಗರಗಸಕ್ಕೆ.
ನೋವು ಆಮೇಲೆ ಬಂತು; ಮೊದಲು ಬಂದದ್ದು
ಫೋರ್‌ಮನ್ ಬೈಗುಳ, ಕಿಟಕಿ ಚೌಕಟ್ಟು ಹಾಳಾಯಿತೆಂದು.
ಕಂಪನಿ ಕಾಗದದಲ್ಲಿ ಆ ಬೆರಳಿಗೊಂದು ಶೇಕಡಾ ಇದೆ.
ಅಪ್ಪ ಇದ್ದಿದ್ದರೆ ಕೇಳುತ್ತಿದ್ದ,
"ಟುವಾಲ ಇಲ್ದನ ವ್ಯಾಪಾರ ಮುಗಿಸಿದ್ಯೇನ್ಲೇ?"

ಆಮೇಲೆ ನಾನು ಕೈ ಕೊಡುವುದನ್ನೇ ಬಿಟ್ಟೆ.
ಜೇಬಿನಲ್ಲಿಟ್ಟೆ. ಚಹಾ ಲೋಟ ಹಿಡಿದೆ.
ಗ್ರೀಸ್ ಆಗಿದೆ ಎಂದು ಮೊಣಕೈ ಮುಂದೆ ಮಾಡಿದೆ.

ಖಲ್ಫಾನ್ ಅಜ್ಜನ ಮನೆಗೆ ಬಾಗಿಲು ಕೂರಿಸಲು ಹೋದ ದಿನ
ಅವನು ಮೊಣಕೈ ಒಪ್ಪಲಿಲ್ಲ.
ಖರ್ಜೂರದ ಅಂಟು ಆರದ ಕೈ ಚಾಚಿ
ನಿಂತೇ ಇದ್ದ, ಸಾಲ ವಸೂಲಿಗೆ ಬಂದವನಂತೆ.
ಕೊಟ್ಟೆ.
ಖಾಲಿ ಜಾಗ ಅವನ ಅಂಗೈಗೆ ತಿಳಿಯಿತು,
ತಿಳಿದದ್ದು ನನ್ನ ಅಂಗೈಗೂ ತಿಳಿಯಿತು.
ಕೆಳಗೆ ನೋಡಲಿಲ್ಲ ಮುದುಕ.
ಊರು ಹೇಗಿದೆ, ಮಳೆ ಬಂತೆ, ಸುದ್ದಿ ಏನು, ಸಮಾಚಾರ ಏನು,
ಇಲ್ಲಿಯ ರೀತಿಯಂತೆ ಉದ್ದಕ್ಕೆ, ಒಂದೊಂದೇ ಕೇಳುತ್ತ ಹೋದ;
ಒಂದೊಂದಕ್ಕೂ ನಾನು ಅಲ್ಹಮ್ದುಲಿಲ್ಲಾ ಎಂದೆ.
ಕೈ ಬಿಡಲಿಲ್ಲ. ಅವನೋ, ನಾನೋ.
ಟುವಾಲೊಂದು ಬೇಕಿತ್ತು ಅನಿಸಿತು.
ನಾಲ್ಕು ಬೆರಳು ಹಿಡಿದಿದ್ದ ಅವನು,
ನಾನೂರಂತೂ ಅಲ್ಲ.
ಎಷ್ಟೆಂದು ಇವತ್ತಿಗೂ ಗೊತ್ತಿಲ್ಲ.

ಬಿಟ್ಟ ಮೇಲೆ ಆ ಕೈಯನ್ನು ಎದೆಗಿಟ್ಟುಕೊಂಡ.
ನನ್ನ ಕೈಗೂ ಖರ್ಜೂರ ಮೆತ್ತಿತ್ತು.
ಬಾಗಿಲ ಕೀಲಿಗೆ ಎಣ್ಣೆ ಬಿಡುವಾಗ
ಇರುವೆಯೊಂದು ಹತ್ತಿ ಬಂದು
ಇಲ್ಲದ ಬೆರಳಿನ ಬುಡದವರೆಗೂ ಹೋಗಿ
ಸ್ವಲ್ಪ ಹೊತ್ತು ನಿಂತು, ತಿರುಗಿತು.