ಹದ್ದಿನ ಮ್ಯಾಲ ಕೂತ ಬಂದೂಕ

ಪರವಾನಗಿ ಪುಸ್ತಕದ ಮೂರನೇ ಪಾನಿನಾಗ
ಕಲೆಕ್ಟರನ ಶಿಕ್ಕಾದ ಬಾಜೂಕ ಬರದದ:
ಸೋಲಾಪುರ ಜಿಲ್ಹ್ಯಾಪುರತಾ.
ಪುರತಾ ಅಂದ್ರ ಅಷ್ಟಕ್ಕ ಅಷ್ಟ, ಮುಂದಿಲ್ಲ.
ಎಷ್ಟು ಸಣ್ಣ ಶಬ್ದ ಅದು ಮರಾಠಿಯೊಳಗ,
ನನ್ನ ಎರಡು ನಳಿಗೀ ಬಂದೂಕ
ಅದರಾಗ ಕಾಲು ಮಡಚಿ ಕೂಡತದ.

ಮುಂಜಾನೆ ಹತ್ತಕ್ಕ ಅಕ್ಕಲಕೋಟಿಂದ ರೊಕ್ಕದ ಗಾಡಿ.
ಪತ್ರಾದ ಪೆಟಗಿ, ಪೆಟಗಿಗೆ ಮೂರು ಕೀಲಿ,
ಕೀಲಿ ಮುಂದ ನಾನು, ಗುರಬಸು ಬಿರಾಜದಾರ,
ಮಾಜಿ ಸಿಪಾಯಿ, ಮೊಣಕಾಲಿನಾಗ ಸರಕಾರದ ಒಂದು ಮೊಳಿ.
ಹದ್ದಿನ ಕಲ್ಲು ಬಂತಂದ್ರ ಡ್ರಾಯವರ ಹಾರ್ನ್ ಹೊಡೀತಾನ.
ನಾ ಇಳೀತೀನಿ.
ಆಚಿ ಬೇವಿನ ಗಿಡದ ಕೆಳಗಿಂದ ಮೈಬೂಬಸಾಬ
ಕಲಬುರಗಿ ಶಿಕ್ಕಾದ ಬಂದೂಕ ಹೆಗಲಿಗೇರಿಸಿ ಹತ್ತತಾನ.
ಇವರ ಕಾಗದ ಅವರು ಓದೂದಿಲ್ಲ, ಅವರದು ಇವರು.
ರೊಕ್ಕಕ್ಕ ಹದ್ದಿಲ್ಲ.
ಕಾಯೂ ಮಂದಿಗೆ ಅದ.

ಆಮ್ಯಾಲ ಸಂಜಿ ನಾಕರ ತನಕ
ನಾನು, ಬಂದೂಕ, ಶಾಂತವ್ವನ ಚಾದಂಗಡಿ ಬಾಕ.
ಕಲ್ಲಿಗೆ ಎರಡು ಮಾರಿ, ಎರಡು ಲಿಪಿ,
ತಂಬಾಕ ತಿಕ್ಕಿದವರು ಉಳದ ಸುಣ್ಣಾ
ಎರಡೂ ಮಾರಿಗೆ ಒರಸಿ ಹೋಗ್ಯಾರ.
ಶಾಂತವ್ವ ಚಾ ಕೊಟ್ಟು ಕೇಳತಾಳ:
ಇಲ್ಲಿ ಕಳ್ಳ ಬಂದು ಹದ್ದು ದಾಟಿ ಓಡಿದ್ರ?
ಬೆನ್ನಿಗೆ ಗುರಿ ಇಟ್ಟು
ನೋಡಕೋತ ನಿಂದ್ರೂದು, ಅಂತೀನಿ.
ಆಕಿ ನಗತಾಳ. ನನಗ ನಗಿ ಬರೂದಿಲ್ಲ.

ಬಾಕಿನ ಮ್ಯಾಲಿಂದ ಕಾಣತದ ಬೋರಿಹಾಳದ ನೀರಿನ ಟಾಕಿ.
ಮೂರು ಬೀಡಿ ದಾರಿ.
ಟಾಕಿ ಬುಡಕ್ಕ ನನ್ನ ತಂಗಿ ನೀಲವ್ವನ ಮನಿ.
ಬಂದೂಕ ತೊಗೊಂಡು ಹೋದ್ರ ಗುನ್ಹೆ.
ಬಂದೂಕ ಬಿಟ್ಟು ಹೋದ್ರ ಇನ್ನೂ ದೊಡ್ಡ ಗುನ್ಹೆ.
ಎಂಟು ವರ್ಷ ಹಿಂಗ ಅಂದೀನಿ,
ಬಂದವರ ಮುಂದ, ಹೋದವರ ಮುಂದ,
ಆಕಿ ಮಗಳ ಕುಬಸದ ದಿನ ಫೋನಿನಾಗ.

ರವಿವಾರ?
ರವಿವಾರ ಸೋಲಾಪುರದಾಗ ಸರಾಫನ ಅಂಗಡಿ ಮುಂದ ನಿಲ್ಲತೀನಿ.
ಅದೂ ಜಿಲ್ಹ್ಯಾದೊಳಗ.

ಹದ್ದು ಹೆಚ್ಚಿಸಿ ಕೊಡ್ರಿ ಅಂತ ಒಮ್ಮೆ ಅರ್ಜಿ ಹಾಕಿದ್ದೆ.
ಕಾರಕೂನ ಬಟ್ಟಿಟ್ಟು ತೋರಿಸಿದ: ಕಾರಣ ಬರೀರಿ.
ಎರಡು ಬಟ್ಟಿನ ಜಾಗಾ.
ಬ್ಯಾಂಕಿನ ಕೆಲಸ, ಅಂತ ಬರದೆ.
ಅಪ್ಪನ ನಾಕೆಕರೆ, ಹಕ್ಕು ಬಿಟ್ಟ ಪತ್ರದ ಕೆಳಗ
ಒದ್ದಿ ಸೀರ್ಯಾಗ ನಿಂತು ಆಕಿ ಒತ್ತಿದ ಹೆಬ್ಬಟ್ಟು,
ಅದನ್ನೆಲ್ಲಾ ಬರೀಲಿಕ್ಕೆ ಜಾಗಾ ಎಲ್ಲದ?
ಆ ಕಾಗದ ಮಾತ್ರ ಎರಡೂ ರಾಜ್ಯದಾಗ ನಡೀತು.
ಯಾರೂ ನಾಕಾದಾಗ ನಿಂದ್ರಸಲಿಲ್ಲ.

ಈ ಸಲ ಇಲೆಕ್ಷನ್ ಬಂತು.
ಬಂದೂಕ ಇದ್ದವರು ಠಾಣೆಗೆ ಜಮಾ ಮಾಡ್ರಿ ಅಂದ್ರು.
ಬ್ಯಾಂಕಿನವರಿಗೆ ಮಾಫಿ ಅದ, ಅರ್ಜಿ ಕೊಡು, ಅಂದ ಮ್ಯಾನೇಜರ.
ಕೊಡಲಿಲ್ಲ.
ಹವಾಲ್ದಾರ ಕಾಡತೂಸು ಎಣಿಸಿದ: ಹತ್ತು.
ಎಂಟು ವರ್ಷಕ್ಕ ಹತ್ತs?
ಹತ್ತs ಕೊಟ್ಟಿದ್ರಿ, ಸಾಹೇಬ್ರ.
ಚೀಟಿ ಬರದುಕೊಟ್ಟ. ಕಿಸೇದಾಗ ಇಟ್ಟೆ.

ಅವತ್ತ ಬಾಕಿನ ಮ್ಯಾಲ ಕೂಡಲಿಲ್ಲ.
ಕಲ್ಲು ದಾಟುವಾಗ ಎಡಗಾಲು ತಾನs ನಿಂತಿತು,
ಮೊಳಿ ಇದ್ದ ಕಾಲು. ಮತ್ತ ನಡೀತು.
ತೊಗರಿ ಕೊಯ್ದ ಹೊಲ, ಕೂಳಿ ಚುಚ್ಚತಿದ್ವು.
ಮೊದಲನೇ ಬೀಡಿ ಹಚ್ಚಿದೆ, ಸೇದಲಿಲ್ಲ.

ನೀಲವ್ವ ಅಂಗಳದಾಗ ಹುಣಸಿ ಬೀಜ ತಗೀತಿದ್ದಳು.
ನೋಡಿದಳು. ಏಳಲಿಲ್ಲ.
ನನ್ನ ಬಲಗೈ ಎದಿ ಮುಂದ ಮಡಚೇ ಇತ್ತು,
ಇಲ್ಲದ ಪಟ್ಟಿ ಹಿಡಕೊಂಡು.
ಕೈಗೇನಾತು? ಅಂದಳು.
ಏನಿಲ್ಲ, ಅಂದೆ.
ಹಂಗಾದ್ರ ಕೆಳಗ ಬಿಡು,
ಅಂತ ಹುಣಸೀಹಣ್ಣಿನ ಪುಟ್ಟಿ ನನ್ನ ಕಡೆ ಸರಿಸಿದಳು.