ಮೂವತ್ತೆರಡು ತೂತು

ನಮ್ಮದು ಮೇಲಿನ ಮನೆ, ಲಗ್ಗೆರೆಯಲ್ಲಿ, ಮೂರನೇ ಮಹಡಿ.
ಸಿಂಟೆಕ್ಸು ನಮ್ಮ ನೆತ್ತಿಯ ಮೇಲೇ ಕೂತಿದೆ,
ಸಾವಿರ ಲೀಟರು, ಕಪ್ಪು, ಮುಚ್ಚಳದ ಮೇಲೊಂದು ಕಲ್ಲು.
ಆದರೂ ಬಚ್ಚಲಲ್ಲಿ ನೀರು ಬರುವುದು
ಸಾಲ ತೀರಿಸುವವನ ಹಾಗೆ,
ಚೂರು ಚೂರು, ಮುಖ ಕೊಡದೆ.

"ಹತ್ತಿರ ಇದ್ದರೆ ಆಯಿತೇನಕ್ಕ," ಅಂದ ಚೌರಪ್ಪ,
ವ್ರೆಂಚನ್ನು ಕಂಕುಳಿಗೆ ಸಿಕ್ಕಿಸಿ.
"ಬೀಳೋಕೂ ಎತ್ತರ ಬೇಕು. ನಿಮ್ಮ ಟ್ಯಾಂಕಿಗೂ ಶವರಿಗೂ ನಡುವೆ
ನಾಲ್ಕಡಿ ಇಲ್ಲ. ಕೆಳಗಿನ ಮನೆಯೋರದ್ದು ನೋಡಿ,
ಪಾತ್ರೆ ಮೇಲೆ ಬಿಟ್ಟರೆ ಪಾತ್ರೇನೇ ಓಡುತ್ತೆ."

ಪಂಪು ಹಾಕಿಸಿ ಅಂದರು. ಹದಿನಾಲ್ಕು ಸಾವಿರ,
ಅದರ ಮೇಲೆ ಕರೆಂಟು, ಅದರ ಮೇಲೆ ಓನರಮ್ಮನ ಒಪ್ಪಿಗೆ.
ಕೊನೆಯದೇ ಎಲ್ಲಕ್ಕಿಂತ ದುಬಾರಿ.

ಇಷ್ಟು ವರ್ಷ ಚೊಂಬಿತ್ತು, ಬಕೆಟ್ಟಿತ್ತು, ಸಾಕಿತ್ತು.
ಈಗ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ.
ಇಪ್ಪತ್ತೆರಡು ವರ್ಷ ಬಸ್ಸಿನ ಕಂಬಿ ಹಿಡಿದ ಕೈ,
ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ ಎಂದು ಕೂಗುತ್ತ
ನಾನು ಬೀಳದಂತೆ ನೋಡಿಕೊಂಡ ಕೈ,
ಹೋದ ಯುಗಾದಿಯ ದಿನ ಮುಷ್ಕರ ಹೂಡಿತು,
ಅದೂ ತಲೆಗೆ ಎಣ್ಣೆ ಹಚ್ಚಿಕೊಂಡಾದ ಮೇಲೆ.
ಎಡಗೈಯಲ್ಲಿ ಸುರಿದುಕೊಂಡೆ. ಅರ್ಧ ನೀರು ಗೋಡೆಗೆ.
ಸೀಗೆಪುಡಿ ಸಂಜೆಯವರೆಗೂ ಕಿವಿಯ ಹಿಂದೆ.

ಅದಕ್ಕೇ ವಾರದ ರಜೆಯಲ್ಲಿ ಎಸ್‌ಜೆಪಿ ರೋಡಿಗೆ ಹೋದೆ.

ಅಂಗಡಿಯ ಗೋಡೆ ತುಂಬ ಶವರು,
ನೀರೇ ಕಾಣದ ಸೂರ್ಯಕಾಂತಿಗಳು.
ಊಟದ ತಟ್ಟೆಯಷ್ಟು ಅಗಲದ್ದೊಂದನ್ನು ಎತ್ತಿಕೊಂಡೆ,
ದೊಡ್ಡ ಹೋಟೆಲಲ್ಲಿ ಇರುತ್ತದಂತಲ್ಲ, ಮಳೆ ಶವರು, ಅದು.
ಕನ್ನಡಿಯಂಥ ಹೊಳಪು; ಅದರಲ್ಲಿ ನನ್ನ ಮುಖ
ನಡುವೆ ಉಬ್ಬಿ, ಉಳಿದ ಕಡೆ ತೂತು ತೂತಾಗಿ.

ಇಬಾದುಲ್ಲಾ ಸಾಹೇಬರು ಕೇಳಿದ್ದು ಒಂದೇ ಮಾತು:
"ಟ್ಯಾಂಕು ಎಷ್ಟು ಮೇಲಿದೆ?"
ಹೇಳಿದೆ. ಅವರು ಅದನ್ನು ನನ್ನ ಕೈಯಿಂದ ಮೆತ್ತಗೆ ಬಿಡಿಸಿಕೊಂಡು
ಮತ್ತೆ ಗೋಡೆಗೆ ತಗುಲಿಸಿದರು.
"ಇನ್ನೂರು ತೂತಮ್ಮ ಇದಕ್ಕೆ. ನಿಮ್ಮ ನೀರನ್ನ
ಇನ್ನೂರು ಬಾಯಿಗೆ ಹಂಚಿದರೆ ಒಂದೂ ಒದ್ದೆಯಾಗಲ್ಲ."

ನನಗೆ ಗೊತ್ತಿಲ್ಲದ ಲೆಕ್ಕವೇ ಅದು?
ಒಂದೇ ಬಾಗಿಲು ತೆರೆದರೆ ಜನ ನುಗ್ಗುತ್ತಾರೆ,
ಎರಡೂ ತೆರೆದರೆ ಸುಮ್ಮನೆ ಇಳಿದು ಹೋಗುತ್ತಾರೆ.

ಕೌಂಟರಿನ ಕೆಳಗಿಂದ ಚಿಕ್ಕದೊಂದನ್ನು ತೆಗೆದರು.
ಜಾಮೂನಿನ ಬಟ್ಟಲಿನಷ್ಟು. ರಬ್ಬರಿನ ಮೂತಿಗಳು.
"ಬೋರ್ ನೀರಿನ ಉಪ್ಪು ಕಟ್ಟಿದರೆ ಬೆರಳಲ್ಲಿ ತೀಡಿ, ಉದುರುತ್ತೆ."
ಕುತ್ತಿಗೆಯೊಳಗೊಂದು ಬಿಳಿ ಬಿಲ್ಲೆ, ನೀರು ಉಳಿಸುವುದಕ್ಕಂತೆ.
ದಬ್ಬಳ ತೂರಿಸಿ ಅದನ್ನು ಹೊರಗೆಳೆದು
ನನ್ನ ಅಂಗೈಯಲ್ಲಿಟ್ಟರು:
"ಉಳಿಸೋಷ್ಟು ಇರೋರಿಗೆ ಇದು."
ಆರುನೂರ ನಲವತ್ತು. ಚಿಲ್ಲರೆ ಸರಿಯಾಗಿ ಕೊಟ್ಟೆ.
ಬಸ್ಸಲ್ಲಿ ಬರುತ್ತ ಎಣಿಸಿದೆ, ಮೂವತ್ತೆರಡು,
ಬಾಯಲ್ಲಿ ಇರಬೇಕಾದ ಹಲ್ಲಿನಷ್ಟು.

ಚೌರಪ್ಪ ಬಿಳಿ ಟೇಪು ಸುತ್ತಿ, ಪೈಪನ್ನು ಒಂದು ಗೇಣು ಇಳಿಸಿದ.
"ಟ್ಯಾಂಕು ಏರಿಸೋಕೆ ಆಗಲ್ಲ, ಇದನ್ನಾದರೂ ಬಗ್ಗಿಸೋಣ.
ನೀವೇನು ಅಂಥ ಎತ್ತರ ಇಲ್ಲವಲ್ಲ."
ಈ ಮಾತಿಗೂ ಸೇರಿಸಿ ಮುನ್ನೂರು ತಗೊಂಡ.

ಬೆಳಗಿನ ಜಾವ ನಾಲ್ಕೂಕಾಲು. ಮೊದಲ ಶಿಫ್ಟು.
ತಿರುಗಿಸಿದೆ. ಮೊದಲು ಗಾಳಿ ಕೆಮ್ಮಿತು, ಆಮೇಲೆ ನೀರು.
ಜೋರೇನಲ್ಲ. ಮೊರದಿಂದ ಯಾರೋ ಅಕ್ಕಿ ಸುರಿದ ಹಾಗೆ
ನೆತ್ತಿಗೆ, ಕತ್ತಿಗೆ, ಆ ಹಾಳು ಭುಜಕ್ಕೆ.
ಎರಡೂ ಕೈ ಇಳಿಬಿಟ್ಟು ನಿಂತೆ.
ಹಿಡಿಯಲು ಕಂಬಿ ಇರಲಿಲ್ಲ.
ಸುಮಾರು ಹೊತ್ತಿನ ಮೇಲೆ ಗಮನಕ್ಕೆ ಬಂತು, ಬೇಕಾಗಿಯೂ ಇರಲಿಲ್ಲ.

ಒಂದು ಮೂತಿ ಮಾತ್ರ ಸೊಟ್ಟ. ಪಕ್ಕಕ್ಕೆ ಹಾರಿ
ಮೊಳೆಯಲ್ಲಿ ನೇತುಹಾಕಿದ ಟವೆಲ್ಲಿಗೇ ಹೊಡೆಯುತ್ತದೆ.
ಎಡಗೈಯಲ್ಲಿ ತೀಡಿದೆ, ಒತ್ತಿದೆ, ಬೈದೆ. ಊಹೂಂ.
ಒದ್ದೆ ಟವೆಲ್ಲಲ್ಲೇ ಒರೆಸಿಕೊಂಡು ಡಿಪೋಗೆ ಹೋಗುತ್ತೇನೆ.
ಮೊಳೆಯನ್ನು ಆಚೆ ಗೋಡೆಗೆ ಹೊಡೆಯಬಹುದು.
ಹೊಡೆಯಲು ಎರಡೂ ಕೈ ಮೇಲೇಳಬೇಕು.